ಬಾನೆಟ್ಟಿನ ಮೇಲೆ ಒಣಗಿದ ರೊಟ್ಟಿ

ಸೀಮೆಎಣ್ಣೆಯಲ್ಲಿ ಮೇಣ ಕರಗಿಸಿದರೆ ಬರುವ ವಾಸನೆ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ ನಾನು ಕಾಣೆ. ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ಅದು ಮೊದಲು ಮೂಗಿನ ಬುಡದಲ್ಲಿ ಚುರ್ರೆನ್ನುತ್ತದೆ, ಆಮೇಲೆ ಗಂಟಲಿಗಿಳಿದು ಅಲ್ಲೇ ಕೂರುತ್ತದೆ, ಎರಡು ಲೋಟ ನೀರು ಕುಡಿದರೂ ಏಳುವುದಿಲ್ಲ. ಹೋದ ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ, ನೆರೂಳಿನಲ್ಲಿ ನಮ್ಮ ಸೆಕ್ಟರಿನ ಪಕ್ಕದ ಕಾಲೇಜು ಮೈದಾನಕ್ಕೆ ಅವ್ವನ ಕೈ ಹಿಡಿದುಕೊಂಡು ಹೋದಾಗ, ಗೇಟು ದಾಟುವ ಮೊದಲೇ ಆ ವಾಸನೆ ಬಂದು ನನ್ನನ್ನು ಹಿಡಿಯಿತು. ಒಳಗೆ ಹಳೆಯ ಅಮೆರಿಕನ್ ಕಾರುಗಳ ಪ್ರದರ್ಶನ. ಹುಲ್ಲಿನ ಟೋಪಿ ಹಾಕಿಕೊಂಡ ಗಂಡಸರು ತಮ್ಮ ತಮ್ಮ ಬಾನೆಟ್ಟಿನ ಪಕ್ಕ ಮದುಮಗಳ ಅಣ್ಣಂದಿರ ಹಾಗೆ ನಿಂತಿದ್ದರು. ಇದೇ ಗಾಡಿಯಲ್ಲಿ ನಮ್ಮ ಡ್ಯಾಡಿ ನಮ್ಮನ್ನು ಲೋಣಾವಳಕ್ಕೆ ಕರೆದೊಯ್ಯುತ್ತಿದ್ದರು, ಹಿಂದಿನ ಸೀಟಿನಲ್ಲಿ ಏಳು ಮಕ್ಕಳು ಹಿಡಿಸುತ್ತಿದ್ದೆವು, ಆ ಕಾಲವೇ ಬೇರೆ ಎಂದು ಹೇಳುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ಕಣ್ಣೀರು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಆ ಏಳು ಮಕ್ಕಳಿಗೆ ದಾರಿಯಲ್ಲಿ ತಿನ್ನಲು ಬುತ್ತಿ ಕಟ್ಟಿದವರು ಯಾರು ಎಂದು ಒಬ್ಬರೂ ಹೇಳಲಿಲ್ಲ.

ನಮ್ಮನ್ನು ಅಲ್ಲಿಗೆ ಕರೆಸಿದ್ದು ಒಬ್ಬ ತರುಣ. ವಾರದ ಹಿಂದೆ ಫೋನ್ ಮಾಡಿದ್ದ. ತಾನು ಕೊಂಡು ರಿಪೇರಿ ಮಾಡಿಸಿದ ಹಸಿರು ಬಿಳಿ ಕಾರಿನ ಹಳೆಯ ಕಾಗದಗಳಲ್ಲಿ ನನ್ನ ಅಪ್ಪನ ಹೆಸರೂ ಡೊಂಬಿವಲಿಯ ವಿಳಾಸವೂ ಇದ್ದುವಂತೆ. ಅಲ್ಲಿ ಇಲ್ಲಿ ವಿಚಾರಿಸಿ, ಕೊನೆಗೆ ನಮ್ಮ ಕಡೆಯ ಯಾರಿಂದಲೋ ನನ್ನ ನಂಬರು ಹಿಡಿದಿದ್ದ. ಅವನ ಮನೆಯವರು ಕರಾವಳಿಯವರು, ಮನೆಯಲ್ಲಿ ತುಳು. "ಕನ್ನಡ ಸಮಝ್ ಮೇ ಆತಾ ಹೈ ಆಂಟಿ, ಬೋಲ್ನೇ ಕೋ ನಹೀ ಆತಾ" ಎಂದು ನಕ್ಕ. ಅವರ ಬಳಗದವರು ಒಂದು ಪುಸ್ತಿಕೆ ತರುತ್ತಾರಂತೆ. ಅದಕ್ಕೆ ಆ ಕಾರಿನ ಜೊತೆ ಬೆಳೆದ ಮಗಳು ಒಂದು ಪುಟ ಬರೆದುಕೊಡಬೇಕಂತೆ. "ಸ್ವೀಟ್ ಮೆಮರೀಸ್, ಆಂಟಿ. ಬಸ್ ಏಕ್ ಪೇಜ್." ಆ ಪುಟ ಇದು. ಒಂದು ಪುಟಕ್ಕೆ ನಿಲ್ಲಲಿಲ್ಲ, ಸಿಹಿಯೂ ಆಗಲಿಲ್ಲ. ಇದನ್ನು ಅವನಿಗೆ ಕೊಡುವುದೂ ಇಲ್ಲ. ಮನೆಯೊಂದನ್ನು ಕಳೆದುಕೊಂಡವರು, ಕಳೆದದ್ದಕ್ಕೆ ಯಾರನ್ನು ಬೈಯಬೇಕೆಂದು ಇನ್ನೂ ಹುಡುಕುತ್ತಿರುವವರು ಓದಲಿ ಎಂದು ಬರೆಯುತ್ತಿದ್ದೇನೆ.

ನಮ್ಮ ಮನೆ ಡೊಂಬಿವಲಿಯಲ್ಲಿ, ಕೆಮಿಕಲ್ ಕಾರ್ಖಾನೆಗಳಿಗೆ ಹತ್ತಿಕೊಂಡ ಒಂದು ಚಾಳಿನ ಕೊನೆಯ ಖೋಲಿಯಾಗಿತ್ತು. ಈಗ ಅಲ್ಲಿ ಹದಿನಾಲ್ಕು ಅಂತಸ್ತಿನ ಸೊಸೈಟಿ ನಿಂತಿದೆ, ಅದರ ವಾಚ್‌ಮನ್ ಹೋದ ಸಲ ನನ್ನನ್ನು ಒಳಗೆ ಬಿಡಲಿಲ್ಲ. ಕೊನೆಯ ಖೋಲಿಯಾದ್ದರಿಂದ ನಮಗೆ ಮಾತ್ರ ಮುಂದೆ ಅಂಗಳವಿತ್ತು, ಅಂಗಳದ ಒಂದು ಬದಿಗೆ ತಗಡಿನ ಮಾಡು, ಮಾಡಿನ ಕೆಳಗೆ ಅವ್ವನ ಮಣ್ಣಿನ ಒಲೆ. ಅವ್ವ, ಅಪ್ಪ ಇಬ್ಬರೂ ವಿಜಯಪುರದ ಕಡೆಯವರು. ಅವ್ವ ಆ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಲೋಡಿಂಗಿಗೆ, ಕಟ್ಟಡದ ಕೆಲಸಕ್ಕೆ ಕಲಬುರಗಿಯಿಂದ, ರಾಯಚೂರಿನಿಂದ ಬಂದ ಜನ ಬೆಳಗಿನ ಪಾಳಿಗೆ ಹೋಗುವ ಮೊದಲು ನಮ್ಮ ಅಂಗಳದಲ್ಲಿ ಗೋಡೆಗೆ ಬೆನ್ನು ಹಚ್ಚಿ ಕುಳಿತು, ಬಿಸಿ ರೊಟ್ಟಿ, ಕಡಲೆಹಿಟ್ಟಿನ ಝುಣಕ, ಹಸಿ ಉಳ್ಳಾಗಡ್ಡಿ ತಿಂದು ಹೋಗುತ್ತಿದ್ದರು. ನಾನು ಕಣ್ಣು ಬಿಡುವುದೇ ಆ ಪಟಪಟ ಸದ್ದಿಗೆ. ಹಿಟ್ಟಿನ ಮೇಲೆ ಅವ್ವನ ಅಂಗೈ ಬೀಳುವ ಸದ್ದು, ಅದರ ಹಿಂದೆ ಅವಳ ಬಳೆಗಳ ಸದ್ದು, ನಡುನಡುವೆ ಹಂಚಿನ ಮೇಲೆ ನೀರು ಸವರಿದಾಗಿನ ಚುಂಯ್. ಕಾರ್ಖಾನೆಗಳ ದೆಸೆಯಿಂದ ನಮ್ಮೂರ ಗಾಳಿಗೆ ದಿನಕ್ಕೊಂದು ನಾತ. ಒಂದು ದಿನ ಕೊಳೆತ ಮೊಟ್ಟೆ, ಒಂದು ದಿನ ಆಸ್ಪತ್ರೆಯ ಔಷಧಿ. ಬೆಳಿಗ್ಗೆ ಎದ್ದರೆ ಕಿಟಕಿಯ ಸರಳಿನ ಮೇಲೆ ಬಿಳಿಯದೋ ಹಳದಿಯದೋ ಪುಡಿ ಬಿದ್ದಿರುತ್ತಿತ್ತು. ಡೊಂಬಿವಲಿಯಲ್ಲಿ ಯಾರೂ ಮೂಗನ್ನು ನಂಬುತ್ತಿರಲಿಲ್ಲ. ಆದರೂ ಸೇಡಂ ಕಡೆಯಿಂದ ಬಂದ ಲೋಡರ್ ಮಲ್ಕಪ್ಪ ಎಂಟನೆಯ ರೊಟ್ಟಿಗೆ ಕೈಚಾಚುತ್ತ, "ಅಕ್ಕಾ, ನಿನ್ನ ಹಂಚಿನ ವಾಸನಿ ಬಂತಂದ್ರ ಈ ಊರಿನ ನಾತ ಎಲ್ಲಾ ಮರ್ತು ಹೋಗ್ತದ ನೋಡು" ಎನ್ನುತ್ತಿದ್ದ. ಅವ್ವ ತಲೆ ಎತ್ತದೆ ನಗುತ್ತಿದ್ದಳು. ಅವಳು ಹಾಗೆ ನಗುತ್ತಿದ್ದ ಜಾಗ ಅದೊಂದೇ.

ಅಪ್ಪ ಠಾಣೆಯಲ್ಲಿ, ಕೆರೆಯ ಹತ್ತಿರದ ದೊಡ್ಡ ಬಂಗಲೆಯ ಸೇಠನಿಗೆ ಡ್ರೈವರ್. ಸೇಠನ ಬಳಿ ಆ ಅಮೆರಿಕನ್ ಗಾಡಿ ಇತ್ತು. ಮುಂದೆ ಬೆಳ್ಳಿಯ ಹಲ್ಲುಗಳು, ಹಿಂದೆ ಮೀನಿನ ರೆಕ್ಕೆಯಂಥ ಎರಡು ಏರು, ಒಳಗೆ ಮಂಚದಷ್ಟು ಅಗಲದ ಸೀಟು. ಡೊಂಬಿವಲಿಯ ಜನಕ್ಕೆ ದೊಡ್ಡ ಗಾಡಿ ಯಾವುದಾದರೂ ಅದು ಇಂಪಾಲಾ. ನಮ್ಮದು ಇಂಪಾಲಾ ಅಲ್ಲವೆಂದು ಅಪ್ಪ ಸಾಯುವವರೆಗೂ ಎದುರು ಸಿಕ್ಕವರಿಗೆಲ್ಲ ತಿದ್ದಿ ಹೇಳಿದ, ಯಾರೂ ಕೇಳಲಿಲ್ಲ. ನನಗೆ ಹತ್ತು ವರ್ಷ ತುಂಬುವ ಮೊದಲು ಸೇಠ ಒಂದು ಸಣ್ಣ ಹೊಸ ಕಾರು ಕೊಂಡ, ಅದನ್ನು ಮಗನೇ ಓಡಿಸುತ್ತಾನೆಂದ, ಹಳೆಯ ಗಾಡಿಯನ್ನು ಅಪ್ಪನಿಗೆ ದಾನ ಮಾಡಿದ, ಅಪ್ಪನನ್ನು ಕೆಲಸದಿಂದ ಬಿಡಿಸಿದ. ಎರಡನ್ನೂ ಒಂದೇ ದಿನ ಮಾಡಿದ. ದಾನದ ಸಂಭ್ರಮದಲ್ಲಿ ಅಪ್ಪನಿಗೆ ಕೆಲಸ ಹೋದದ್ದು ಕಾಣಿಸಲೇ ಇಲ್ಲ. ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿದ ಗಾಡಿಯನ್ನು ಶೀಳ್ ರಸ್ತೆಯಲ್ಲಿ ಓಡಿಸಿಕೊಂಡು ಬಂದು, ಇಡೀ ಚಾಳು ಹೊರಗೆ ಬರುವ ತನಕ ಹಾರ್ನ್ ಒತ್ತಿದ. ಪಕ್ಕದ ಖೋಲಿಯ ಮರಾಠಿ ಕಾಕು ಬಾಯಿಗೆ ಸೆರಗು ಹಿಡಿದು, "ಅಗ ಬಾಈ, ಗಾಡಿ ಆಹೆ ಕೀ ಜಹಾಜ!" ಎಂದಳು.

ಹಡಗನ್ನು ನಿಲ್ಲಿಸುವುದೆಲ್ಲಿ? ಗಲ್ಲಿಯಲ್ಲಿ ಬಿಟ್ಟರೆ ಹಾಲಿನವನ ಸೈಕಲ್ಲೂ ದಾಟುವುದಿಲ್ಲ. ಅಂಗಳಕ್ಕೆ ತಂದರೆ ತಗಡಿನ ಮಾಡು ಅಡ್ಡ. ಅಪ್ಪ ನಾಲ್ಕು ಜನರನ್ನು ಕರೆದು ಮಾಡು ಇಳಿಸಿದ, ಕಂಬ ಕಿತ್ತ, ಹಾರೆ ತಂದು ಒಲೆಯನ್ನೂ ಕಿತ್ತ. ಅವ್ವ ಮರುದಿನದ ಹಿಟ್ಟು ಸಾಣಿಸುತ್ತಿದ್ದವಳು ಹಾಗೇ ಎದ್ದು ಬಂದು ನಿಂತಿದ್ದಳು, ಮೊಣಕೈವರೆಗೆ ಬಿಳಿ.

"ನಾಕ ದಿನಾ ಅಷ್ಟ," ಎಂದ ಅಪ್ಪ. "ಗಾಡಿಗಿ ಒಂದ ಜಾಗಾ ನೋಡ್ತೀನಿ."

"ಗಾಡಿಗಿ ನೀವ್ ನೋಡ್ತೀರಿ. ನನ್ನ ಒಲಿಗಿ ಯಾರ್ ನೋಡವ್ರು?"

ಅಪ್ಪ ಆಗಲೇ ಹಿಂದೆ ಹಿಂದೆ ನೋಡುತ್ತ ಗಾಡಿಯನ್ನು ಒಳಗೆ ತರುತ್ತಿದ್ದ. ಆ ನಾಲ್ಕು ದಿನ ಆರು ವರ್ಷವಾಯಿತು. ಮರುದಿನ ಬೆಳಿಗ್ಗೆ ಬಂದ ಲೋಡರುಗಳಿಗೆ ಕೂರಲು ಜಾಗವಿರಲಿಲ್ಲ. ಎರಡು ದಿನ ಗಲ್ಲಿಯಲ್ಲಿ ನಿಂತು ತಿಂದರು, ಮೂರನೆಯ ದಿನ ರಸ್ತೆ ಕೂಡುವ ನಾಕಾದ ವಡಾಪಾವಿನವನ ಕಡೆ ಹೋದರು. ಅವ್ವ ಒಳಗೆ ಸೀಮೆಎಣ್ಣೆಯ ಸ್ಟೋವಿನ ಮೇಲೆ ಹಂಚಿಟ್ಟು, ಊರಿಗೆ ಹೋಗುವವರಿಗೆ, ದೂರದ ಸೈಟಿಗೆ ಹೋಗುವವರಿಗೆ ಕಟ್ಟಿಕೊಡುವ, ತಿಂಗಳಾದರೂ ಕೆಡದ ಒಣ ಕಟಕ ರೊಟ್ಟಿಯನ್ನಷ್ಟೇ ಮಾಡತೊಡಗಿದಳು.

ಆ ಗಾಡಿಯ ಸೇವೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅಭಿಮಾನಿಗಳೇ, ಸ್ವಲ್ಪ ಕೇಳಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರಲ್ಲ, ಆ ಮಲ್ಲಿಗೆ ಹದಿನೆಂಟು ಅಡಿ ಉದ್ದವಿತ್ತು. ಅಪ್ಪ ಒಂದು ಕಾರ್ಖಾನೆಯ ವ್ಯಾನ್ ಓಡಿಸುವ ಕೆಲಸ ಹಿಡಿದ. ಸಂಜೆ ಐದಕ್ಕೆ ಬಂದವನು ಚಹಾ ಕುಡಿಯುವ ಮೊದಲು ಗಾಡಿಯ ಹೊದಿಕೆ ತೆಗೆಯುತ್ತಿದ್ದ. ಗಾಜಿನ ಮೇಲೆ, ಬಾನೆಟ್ಟಿನ ಮೇಲೆ ಬಾಯಿಂದ ಹಾ ಎಂದು ಉಸಿರು ಬಿಟ್ಟು, ಆ ಮಬ್ಬು ಆರುವ ಮೊದಲು ಬಟ್ಟೆಯಿಂದ ಸುತ್ತು ಸುತ್ತಾಗಿ ಒರೆಸುತ್ತಿದ್ದ. ಸೇಠನ ಮನೆಯಲ್ಲಿ ಕಲಿತ ಅಭ್ಯಾಸ. ನನ್ನ ಜ್ವರ ಬಂದ ಹಣೆಯನ್ನೂ ಅವನು ಅಷ್ಟು ಜೋಪಾನವಾಗಿ ಮುಟ್ಟಿದ್ದು ನನಗೆ ನೆನಪಿಲ್ಲ. ಓಣಿಯ ಗಂಡಸರು ಬಂದು ಸುತ್ತ ನಿಲ್ಲುತ್ತಿದ್ದರು, ಆಹಾ ಓಹೋ ಎನ್ನುತ್ತಿದ್ದರು, ಅವರಿಗೆಲ್ಲ ಅವ್ವ ಚಹಾ ಮಾಡಬೇಕಿತ್ತು. ಯಾರ ಮಗನ ಮದುವೆಯಾದರೂ ಅಪ್ಪ ಗಾಡಿ ಒಯ್ದು ಮದುಮಗನನ್ನು ಮೆರೆಸಿಕೊಂಡು ಬರುತ್ತಿದ್ದ, ಒಂದು ತೆಂಗಿನಕಾಯಿಗೂ ಕೈ ಒಡ್ಡುತ್ತಿರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ. ನಾವು ಒಳಗೆ ಕೂರಬೇಕಾದರೆ ಕಾಲು ತೊಳೆದು, ಟವೆಲ್ಲು ಹಾಸಿಕೊಂಡು ಕೂರಬೇಕು. ಅವ್ವ ಒಮ್ಮೆ ಒದ್ದೆ ಕೈಯನ್ನು ಬಾಗಿಲಿಗೆ ಊರಿದಳೆಂದು, "ಕೈ ಹಚ್ಚಬ್ಯಾಡ!" ಎಂದು ಅಪ್ಪ ಚೀರಿದ. ಅಂದಿನಿಂದ ಅವಳು ಅದರಲ್ಲಿ ಒಂದು ದಿನವೂ ಕೂರಲಿಲ್ಲ. ಆಸ್ಪತ್ರೆಗೆ ಹೋಗುವಾಗಲೂ ರಿಕ್ಷಾ ಹಿಡಿದಳು.

ಈಗ ಸಿಹಿ ನೆನಪು. ಇರುವುದು ಒಂದೇ, ಕದ್ದದ್ದು. ಕಟಕ ರೊಟ್ಟಿಯನ್ನು ಸುಟ್ಟ ಮೇಲೆ ಬಿಸಿಲಿಗೆ ಹರವಬೇಕು, ಇಲ್ಲದಿದ್ದರೆ ಅದು ಮುರಿಯುವುದಿಲ್ಲ, ಬಾಗುತ್ತದೆ. ಬಿಸಿಲು ಬೀಳುತ್ತಿದ್ದ ಅಂಗಳವನ್ನೆಲ್ಲ ಗಾಡಿ ನುಂಗಿ ಕುಳಿತಿತ್ತು. ಒಂದು ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೋದ ಮೇಲೆ ಅವ್ವ ಬಹಳ ಹೊತ್ತು ಗಾಡಿಯನ್ನೇ ನೋಡುತ್ತ ನಿಂತಳು. ಆಮೇಲೆ ಹೊದಿಕೆ ಸರಿಸಿ, ಹಂಚು ಕಾದಿದೆಯೇ ಎಂದು ನೋಡುವ ಹಾಗೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಒಳಗೆ ಹೋಗಿ ಒಗೆದ ಹಳೆಯ ಧೋತರ ತಂದು ಹಾಸಿದಳು. ಬಾನೆಟ್ಟಿನ ಮೇಲೆ ಹದಿನಾರು, ನೆತ್ತಿಯ ಮೇಲೆ ಇಪ್ಪತ್ತು, ಹಿಂದಿನ ಡಿಕ್ಕಿಯ ಮೇಲೆ ಹನ್ನೆರಡು. ಮೇಲೆ ಬಿಸಿಲು, ಕೆಳಗೆ ಕಾದ ಉಕ್ಕು, ಒಂದೇ ತಾಸಿನಲ್ಲಿ ರೊಟ್ಟಿ ಬೆರಳು ತಾಗಿದರೆ ಟಣ್ ಎನ್ನುವಂತಾಯಿತು. ಎಳ್ಳು ಹಚ್ಚಿದ ರೊಟ್ಟಿಯ ಸುಟ್ಟ ವಾಸನೆ ಅಂಗಳದಲ್ಲೆಲ್ಲ ಹಬ್ಬಿತು. ಶಾಲೆಗೆ ರಜೆಯಿದ್ದ ದಿನ ನಾನು ಕೋಲು ಹಿಡಿದು ಕಾಗೆ ಕಾಯುತ್ತಿದ್ದೆ. ನಾಲ್ಕು ಗಂಟೆಗೆ ಎಲ್ಲ ತೆಗೆದು, ಹೊದಿಕೆ ಎಳೆದು, ಏನೂ ಗೊತ್ತಿಲ್ಲದವರ ಹಾಗೆ ನಾವು ಅಪ್ಪನಿಗೆ ಚಹಾ ಇಡುತ್ತಿದ್ದೆವು. "ಸೇಠನ ಗಾಡಿ ಒಂದ್ ಕೆಲ್ಸಕ್ಕರ ಬಂತು. ನಿಮ್ಮಪ್ಪಗ ಹೇಳ್ಬ್ಯಾಡ ಮತ್ತ, ಸುವ್ವಿ" ಎಂದು ಅವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಸುವರ್ಣಾ ಎಂಬ ನನ್ನನ್ನು ಮನೆಯಲ್ಲಿ ಕರೆಯುತ್ತಿದ್ದುದು ಹಾಗೆ. ಒಲೆ ಕಿತ್ತ ಮೇಲೆ ಅವಳು ನಕ್ಕದ್ದನ್ನು ನಾನು ಮತ್ತೆ ನೋಡಿದ್ದು ಅವತ್ತೇ.

ಆ ರೊಟ್ಟಿಯ ರುಚಿ ಕಲ್ಯಾಣದವರೆಗೆ ಹೋಯಿತು. ಅಲ್ಲಿ ನಮ್ಮ ಕಡೆಯ ಒಬ್ಬ ಬೇಳೆಕಾಳಿನ ಸಾವುಕಾರರಿದ್ದರು. ಅವರ ಮಗನ ಮದುವೆ ಗೊತ್ತಾಗಿತ್ತು. ಒಂದು ದಿನ ಸ್ವತಃ ಬಂದು, ಮದುವೆಯ ಊಟಕ್ಕೆ ಐದು ನೂರು ಕಟಕ ರೊಟ್ಟಿ ಬೇಕೆಂದರು. ಹೊರಡುವಾಗ ಹೊಸ್ತಿಲಲ್ಲಿ ನಿಂತು, "ತಂಗೀ, ಡೊಂಬಿವಲಿ ಸ್ಟೇಶನ್ ಹಂತೇಕ ನಂದೊಂದು ಗಾಳಾ ಖಾಲಿ ಬಿದ್ದದ. ಬೀಗರು ರೊಟ್ಟಿ ತಿಂದು ಹೌದ್ ಅಂದ್ರ ಅದನ್ನ ನಿನಗ ಕೊಡ್ತೀನಿ. ಖಾನಾವಳಿ ಇಡು, ನಮ್ಮ ಮಂದಿ ಉಣ್ಲಿ" ಎಂದರು. ಗಾಳಾ ಎಂದರೆ ಶಟರ್ ಇರುವ ಒಂದು ಅಂಗಡಿಕೋಣೆ, ಅಷ್ಟೇ. ಅವ್ವ ಮರುದಿನವೇ ಸ್ಟೇಶನ್ನಿನ ಗದ್ದಲ ದಾಟಿಕೊಂಡು ಹೋಗಿ ಅದನ್ನು ಹೊರಗಿನಿಂದ ನೋಡಿ ಬಂದಳು. ಶಟರಿನ ಕೆಳಗಿನ ಸಂದಿಯಲ್ಲಿ ಇಣುಕಿ, ಒಲೆ ಇಲ್ಲಿ, ನೀರಿನ ಪಿಪಾಯಿ ಅಲ್ಲಿ, ಗೋಡೆಗೆ ಬೆನ್ನು ಹಚ್ಚಿ ಹತ್ತು ಜನ ಕೂರಬಹುದು ಎಂದು ಗೊತ್ತು ಮಾಡಿಕೊಂಡಿದ್ದಳು. ಒಂದು ತಿಂಗಳು ಅವಳು ಬೇರೆ ಮಾತೇ ಆಡಲಿಲ್ಲ. ಅದೇ ಮದುವೆಯಲ್ಲಿ ಮದುಮಗನನ್ನು ಮೆರೆಸಲು ಅಪ್ಪನ ಗಾಡಿಯನ್ನೂ ಸಾವುಕಾರರು ಕೇಳಿದ್ದರು. ಅಪ್ಪನಿಗೆ ಕಂಡದ್ದು ಅದೊಂದೇ.

ಮದುವೆಗೆ ಎರಡು ದಿನ ಮುಂಚಿನ ಸಂಜೆ ಅವ್ವ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಳು. ಅಪ್ಪ ಡಬ್ಬಿಯಲ್ಲಿ ಮೇಣದಬತ್ತಿಗಳನ್ನು ಕರಗಿಸಿ, ಅವ್ವನ ಸ್ಟೋವಿಗೆಂದು ರೇಶನ್ನಿನಲ್ಲಿ ತಂದಿಟ್ಟ ಸೀಮೆಎಣ್ಣೆಯನ್ನು, ನಮ್ಮ ಬಾಯಲ್ಲಿ ಘಾಸ್ಲೇಟನ್ನು, ಅದರಲ್ಲಿ ಧಾರಾಳವಾಗಿ ಸುರಿದ. ಠಾಣೆಯ ಡ್ರೈವರುಗಳ ಪಾಲಿಶ್ ಅದು. ದಪ್ಪಗೆ ಬಳಿದು, ಒಂದು ಹಗಲು ಒಂದು ರಾತ್ರಿ ಹಾಗೇ ಬಿಟ್ಟು, ಆಮೇಲೆ ತಿಕ್ಕಿದರೆ ಮುಖ ಕಾಣುತ್ತದಂತೆ. ನನಗೂ ಒಂದು ಬಟ್ಟೆ ಕೊಟ್ಟ. ಇಬ್ಬರೂ ಸೇರಿ ಬಾನೆಟ್ಟು, ನೆತ್ತಿ, ಡಿಕ್ಕಿ ಎಲ್ಲಕ್ಕೂ ಬಳಿದೆವು. "ಘಾಸ್ಲೇಟ್ ತಗೊಂಡಿದ್ದು ಅವ್ವಗ ಹೇಳ್ಬ್ಯಾಡ. ಹೇಳ್ಲಿಲ್ಲಂದ್ರ ಮದಿವಿ ದಿನಾ ಮುಂದಿನ ಸೀಟಿನ್ಯಾಗ ಕುಂದ್ರಸ್ತೀನಿ, ಹಾರ್ನ್ ನೀನ ಒತ್ತು" ಎಂದ. ನಾನು ಆಣೆ ಮಾಡಿದೆ. ಅಲ್ಲಿಗೆ ಅವ್ವನದೊಂದು ಗುಟ್ಟು, ಅಪ್ಪನದೊಂದು ಗುಟ್ಟು, ಎರಡೂ ನನ್ನ ಹೊಟ್ಟೆಯಲ್ಲಿ. ಎರಡನ್ನೂ ಬಲ್ಲವಳು ಆ ಮನೆಯಲ್ಲಿ ನಾನೊಬ್ಬಳೇ.

ಮರುದಿನ ಅಪ್ಪ ಹೋದ ಮೇಲೆ ಅವ್ವ ಹೊದಿಕೆ ಸರಿಸಿದಳು. ಗಾಡಿಯ ಮೇಲೆ ಬಿಳಿಯ ಮಬ್ಬು. "ಇವತ್ತೇನ್ ಕಾರ್ಖಾನಿ ಪುಡಿ ಭಾಳ ಬಿದ್ದದ" ಎಂದಳು. ವಾಸನೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಮೂರು ದಿನದಿಂದ ಹಗಲೂ ಇರುಳೂ ಸ್ಟೋವಿನ ಮುಂದೆ ಕುಳಿತವಳ ಮೈಯೆಲ್ಲ ಸೀಮೆಎಣ್ಣೆ, ಅವಳಿಗೆ ಯಾವ ವಾಸನೆ ಎಂದು ಗೊತ್ತಾಗಬೇಕು? ಅವಳು ಧೋತರ ಹಾಸುವಾಗ ನಾನು ಎರಡು ಕೈ ಅಳತೆಯಲ್ಲಿ ನಿಂತಿದ್ದೆ. ಅವ್ವಾ, ಅದು ಪುಡಿಯಲ್ಲ. ಇಷ್ಟೇ ಹೇಳಬೇಕಿದ್ದದ್ದು. ಬಾಯಿಗೆ ಬಂತು, ಅದರ ಹಿಂದೆಯೇ ಮುಂದಿನ ಸೀಟೂ ಹಾರ್ನೂ ಬಂದುವು. ನಾನು ಕೋಲು ತೆಗೆದುಕೊಂಡು ಕಾಗೆ ಕಾಯಲು ಕುಳಿತೆ. ಮೂರು ದಿನದಲ್ಲಿ ಸುಟ್ಟಿಟ್ಟ ಐದು ನೂರು ರೊಟ್ಟಿಯನ್ನು ಒಂದರ ಅಂಚಿನ ಮೇಲೊಂದು ಒತ್ತೊತ್ತಾಗಿ ಹರವಿ, ತಂಡ ತಂಡವಾಗಿ ಅವತ್ತಿಡೀ ಹಗಲು ಒಣಗಿಸಿದಳು. ಸಂಜೆ ತಿಕ್ಕಲು ಕುಳಿತ ಅಪ್ಪನಿಗೆ ಮೇಣದ ಮೇಲೆ ನೇಯ್ಗೆಯ ಗುರುತು ಕಂಡಿತು. "ಏ, ಇದರ ಮ್ಯಾಲ್ ಏನ್ ಹಾಸಿದ್ರಿ?" ಎಂದು ಕೂಗಿದ. "ಅರಿವಿ ಒಣಾ ಹಾಕಿದ್ದೆ" ಎಂದು ಒಳಗಿನಿಂದ ಅವ್ವ ಸುಳ್ಳು ಹೇಳಿದಳು. ಅಪ್ಪ ಗೊಣಗುತ್ತ ತಿಕ್ಕಿದ. ಅವರಿಬ್ಬರ ನಡುವೆ ಹೊಸ್ತಿಲಲ್ಲಿ ನಾನು ಕುಳಿತಿದ್ದೆ. ಆಗಲೂ ಹೊತ್ತು ಮೀರಿರಲಿಲ್ಲ. ಮೌನ ಬಂಗಾರ ಎಂದು ಯಾರು ಹೇಳಿದರೋ, ಅವರನ್ನು ಆ ಹೊಸ್ತಿಲಲ್ಲಿ ಒಂದು ಸಂಜೆ ಕೂರಿಸಬೇಕಿತ್ತು.

ಮದುವೆಯ ದಿನ ಅವ್ವ ಬುಟ್ಟಿಗಳ ಜೊತೆ ಟೆಂಪೋದಲ್ಲಿ ಕಲ್ಯಾಣಕ್ಕೆ ಹೋದಳು. ನಾನು ಮುಂದಿನ ಸೀಟಿನಲ್ಲಿ ಕುಳಿತು, ಕಲ್ಯಾಣದ ಬಜಾರಿನುದ್ದಕ್ಕೂ ಹಾರ್ನ್ ಒತ್ತಿದೆ. ಜನ ಮಾಳಿಗೆಗಳಿಂದ ಬಗ್ಗಿ ನೋಡಿದರು. ನನ್ನ ಬಾಲ್ಯದಲ್ಲಿ ಅಷ್ಟು ಸಂತೋಷದ ಅರ್ಧ ತಾಸು ಇನ್ನೊಂದಿಲ್ಲ, ಅದರಲ್ಲಿ ಸುಳ್ಳು ಹೇಳಲಾರೆ. ಮಂಟಪಕ್ಕೆ ಬಂದಾಗ ಮೊದಲ ಪಂಕ್ತಿ ಕುಳಿತಿತ್ತು. ಎಣಗಾಯಿ ಬಡಿಸಿದ್ದರು, ಶೇಂಗಾ ಚಟ್ನಿ ಬಡಿಸಿದ್ದರು, ರೊಟ್ಟಿ ಮುರಿಯುವ ಸದ್ದು ಸಾಲಿನುದ್ದಕ್ಕೂ ಕೇಳಿತು, ಆಮೇಲೆ ನಿಂತಿತು. ಒಬ್ಬ ಮುದುಕ ಬೀಗರು ತುತ್ತನ್ನು ಅಂಗೈಗೆ ಉಗಿದು ಮೂಸಿದರು. "ಘಾಸ್ಲೇಟ್ ಹೊಡೀತದಲ್ಲಪಾ ಇದು!" ಆ ಕಡೆಯಿಂದ ಒಬ್ಬರು, ಈ ಕಡೆಯಿಂದ ಒಬ್ಬರು, ಇಡೀ ಪಂಕ್ತಿ ಎದ್ದು ಕೈ ತೊಳೆಯಿತು. ಸಾವುಕಾರರು ಬುಟ್ಟಿಗಳನ್ನು ಹಿಂದಕ್ಕೆ ಒಯ್ಯಿರಿ ಎಂದಷ್ಟೇ ಆಳುಗಳಿಗೆ ಹೇಳಿದರು. ಅವ್ವ ಒಂದು ರೊಟ್ಟಿ ಮುರಿದು ಬಾಯಿಗಿಟ್ಟು, ಕಣ್ಣು ಮುಚ್ಚಿ, ಅದನ್ನು ಪೂರ್ತಿ ಅಗಿದು ನುಂಗಿದಳು. ಹಿತ್ತಿಲಲ್ಲಿ ಎಮ್ಮೆಗಳ ಮುಂದೆ ಸುರಿದ ರೊಟ್ಟಿಯನ್ನು ಎಮ್ಮೆಗಳೂ ಮೂಸಿ ಬಿಟ್ಟುವು.

ಮನೆಗೆ ಬಂದ ಮೇಲೆ ಎರಡು ಗುಟ್ಟೂ ಒಂದರ ಮೇಲೊಂದು ಒಡೆದುವು. "ನನ್ನ ಘಾಸ್ಲೇಟ್ ಕದ್ದು ನನ್ನ ಅನ್ನಕ್ಕ ಹಚ್ಚಿದ್ರಿ" ಎಂದಳು ಅವ್ವ. "ನನ್ನ ಗಾಡಿ ಮ್ಯಾಲೆ ರೊಟ್ಟಿ ಒಣಗ್ಸಂತ ಯಾರ್ ಹೇಳಿದ್ರು ನಿನಗ? ಒಂದ್ ಮಾತ್ ಕೇಳಿದ್ರ ಹೇಳ್ತಿದ್ದಿಲ್ಲೇನ?" ಎಂದ ಅಪ್ಪ. ಇಬ್ಬರ ಮಾತೂ ನಿಜವಾಗಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕೂಸು ಬಡವಾಗಲಿಲ್ಲ, ಬದುಕಿಕೊಂಡಿತು. ನಿನಗೇನಾದರೂ ಗೊತ್ತಿತ್ತೇ ಎಂದು ಇಬ್ಬರೂ ನನ್ನನ್ನು ಕೇಳಲಿಲ್ಲ. ಗಾಳಾದಲ್ಲಿ ಒಂದು ಝೆರಾಕ್ಸ್ ಅಂಗಡಿ ಬಂತು. ಅವ್ವ ಹಂಚನ್ನು ಮಾಳಿಗೆಗೆ ಹಾಕಿ, ಔಷಧಿಯ ಕಾರ್ಖಾನೆಯೊಂದಕ್ಕೆ ಪ್ಯಾಕಿಂಗ್ ಕೆಲಸಕ್ಕೆ ಹೋದಳು, ಇಪ್ಪತ್ತು ವರ್ಷ ಅಲ್ಲಿ ನಿಂತು ದುಡಿದಳು. ಮಾರಲೆಂದು ಒಂದು ರೊಟ್ಟಿಯನ್ನೂ ಮತ್ತೆ ಬಡಿಯಲಿಲ್ಲ. ಚಾಳು ಒಡೆಯುವ ಕಾಲಕ್ಕೆ ಅಪ್ಪ ಗಾಡಿಯನ್ನು ಶೀಳ್ ಫಾಟಾದ ಭಂಗಾರದವನಿಗೆ, ಎಂದರೆ ಗುಜರಿಯವನಿಗೆ, ಕೊಟ್ಟ, ಅವತ್ತು ಅವನು ಊಟ ಮಾಡಲಿಲ್ಲ, ನಾವ್ಯಾರೂ ಮಾಡೆನ್ನಲೂ ಇಲ್ಲ. ಅವ್ವ ಅವನನ್ನು ಬೈದಳು. ಸಾರಿಗೆ ಉಪ್ಪು ಹೆಚ್ಚಾದರೂ, ನಲ್ಲಿಯಲ್ಲಿ ನೀರು ಬರದಿದ್ದರೂ ಬೈಗಳು ಸುತ್ತಿ ಸುತ್ತಿ ಆ ಡಬ್ಬಿಯ ಘಾಸ್ಲೇಟಿಗೇ ಬಂದು ನಿಲ್ಲುತ್ತಿತ್ತು. ನಾನೂ ದೊಡ್ಡವಳಾದಂತೆ ಅವಳ ಜೊತೆ ಸೇರಿಕೊಂಡೆ, ಅವಳಿಗಿಂತ ಜೋರಾಗಿ ಬೈದೆ. ಈ ಬರಹದ ಮೊದಲಿನಿಂದ ನೀವು ಓದುತ್ತಿರುವುದೂ ಅದೇ ಬೈಗಳು. ಅಪ್ಪ ಕೊನೆಕೊನೆಗೆ ಎದುರಾಡುವುದನ್ನು ಬಿಟ್ಟಿದ್ದ. ಹತ್ತು ವರ್ಷದ ಹಿಂದೆ ತೀರಿಕೊಂಡ. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, "ನಿಮ್ಮವ್ವನ ಖಾನಾವಳಿ ನಾನ ಕೆಡಿಸ್ದೆ ಸುವ್ವಿ" ಎಂದ. ಘಾಸ್ಲೇಟ್ ಕದ್ದದ್ದು ಹೇಳಬೇಡ ಎಂದು ನನ್ನಿಂದ ಆಣೆ ತೆಗೆದುಕೊಂಡದ್ದು ಅವನಿಗೆ ನೆನಪಿತ್ತೋ ಇಲ್ಲವೋ, ಅದರಲ್ಲಿ ನನ್ನ ಪಾಲನ್ನು ಎತ್ತಲಿಲ್ಲ. ನಾನು ಅವನ ಕೈ ನೇವರಿಸುತ್ತ ಸುಮ್ಮನೆ ಕುಳಿತಿದ್ದೆ. ಹೇಳಬೇಕಾದ್ದನ್ನು ನಾನು ನುಂಗಿಕೊಂಡದ್ದು ಅದು ಮೂರನೆಯ ಸಲ.

ನೆರೂಳಿನ ಮೈದಾನದಲ್ಲಿ ಆ ಗಾಡಿ ಹೊಸ ಮದುಮಗಳಂತೆ ನಿಂತಿತ್ತು. ತರುಣ ಹೆಮ್ಮೆಯಿಂದ, ನಾವು ಹಳೆಯ ಪದ್ಧತಿಯ ಪಾಲಿಶನ್ನೇ ಹಚ್ಚುತ್ತೇವೆ ಎಂದು ಡಬ್ಬಿ ತೋರಿಸಿದ. ಅವ್ವ ಅವನ ಮಾತು ಕೇಳದೆ ನೇರ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಮೈದಾನದ ಬಿಸಿಲಿಗೆ ಅದು ಕಾದಿತ್ತು. "ಛಲೋ ಕಾದದ" ಎಂದಳು. ಟೋಪಿಯವನೊಬ್ಬ ಓಡಿಬಂದು, "ಮಾಜೀ, ಹಾಥ್ ಮತ್ ಲಗಾವ್!" ಎಂದ. ಅವ್ವ ಕೈ ತೆಗೆಯಲಿಲ್ಲ. ಎರಡನೆಯ ಸಲ ಆ ಗಾಡಿ ನನ್ನ ಅವ್ವನಿಗೆ ಕೈ ಹಚ್ಚಬೇಡ ಎಂದಿತಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಅವನ ಮೇಲೆ ಹಾಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಅಂಗೈ ಮೂಸಿಕೊಂಡು, ಎಂದಿನ ರಾಗ ತೆಗೆದಳು: "ಇದ ಘಾಸ್ಲೇಟ್ ನೋಡು. ನನ್ನ ಬಾಯಾಗಿನ ತುತ್ತ ಕಸ್ಗೊಂಡ, ನಿಮ್ಮಪ್ಪ..."

"ಅವ್ವಾ," ಎಂದೆ. ತೆರೆದ ಬಾಯಿಂದ ಬೇರೆಯೇ ಮಾತು ಬಂತು. "ಅವತ್ತು ಪುಡಿ ಬಿದ್ದದ ಅಂದೆಲ್ಲ, ಅದು ಪುಡಿ ಅಲ್ಲಂತ ನನಗ ಗೊತ್ತಿತ್ತು. ಅಪ್ಪನ ಸಂಗಾಟ ನಾನೂ ಹಚ್ಚಿದ್ದೆ."

ಅವ್ವ ನನ್ನನ್ನು ನೋಡಿದಳು. ಸಿಟ್ಟು ಬರಲಿ ಎಂದು ಕಾದೆ. ಹತ್ತು ವರ್ಷದ ಹುಡುಗಿ, ಏನು ತಿಳೀತಿತ್ತು ಎಂದು ಅವಳು ಬಿಟ್ಟುಬಿಡಲಿ ಎಂದೂ ಕಾದೆ. ಎರಡೂ ಆಗಲಿಲ್ಲ.

"ಮೂವತ್ತ ವರ್ಷ ಅವ್ರಿಗಿ ಬೈದೆ," ಎಂದಳು. "ನೀ ಬಾಜೂಕ ಕುಂತು ಕೇಳಿದಿ."

ಆಮೇಲೆ ನನ್ನ ಕಡೆ ತಿರುಗಲಿಲ್ಲ. ಬಾನೆಟ್ಟಿನ ಮೇಲೆ ಅವಳ ಐದು ಬೆರಳೂ ಅಂಗೈಯೂ ಮಸುಕಾಗಿ ಮೂಡಿದ್ದುವು. ಅವಳು ನಡು ಬಗ್ಗಿಸಿ, ಹಲ್ಲಿಲ್ಲದ ಬಾಯಿಂದ ಅದರ ಮೇಲೆ ಹಾ ಎಂದು ಉಸಿರು ಬಿಟ್ಟಳು, ಸೆರಗಿನ ತುದಿ ಹಿಡಿದು ಸುತ್ತು ಸುತ್ತಾಗಿ ಒರೆಸತೊಡಗಿದಳು. ಟೋಪಿಯವನು ಏನೋ ಹೇಳಲು ಹೋದ, ತರುಣ ಅವನ ತೋಳು ಹಿಡಿದು ತಡೆದ. ಗುರುತು ಪೂರ್ತಿ ಹೋದ ಮೇಲೂ ಅವ್ವ ನಿಲ್ಲಿಸಲಿಲ್ಲ. ಅಪ್ಪ ಎಲ್ಲಿಂದ ಶುರು ಮಾಡುತ್ತಿದ್ದನೋ ಅಲ್ಲಿಂದ, ಎಡಗಡೆಯ ದೀಪದಿಂದ ಬಲಗಡೆಯ ದೀಪದವರೆಗೆ, ಅವನು ಮಾಡುತ್ತಿದ್ದ ಹಾಗೆಯೇ ಒಂದಿಷ್ಟೂ ಬಿಡದೆ ಒರೆಸಿದಳು. ನಾನು ಎರಡು ಕೈ ಅಳತೆಯಲ್ಲಿ ನಿಂತಿದ್ದೆ.